ಟಿಕ್ ಟಿಕ್ ಅನ್ನುತ್ತೆ, ಸ್ಟಾರ್ಟ್ ಆಗಲ್ಲ: ಬ್ಯಾಟರಿ ಬದಲಿಸುವ ಮುಂಚೆ ಕಾರಿನ ಸದ್ದು ಕೇಳಿ

ಭಾನುವಾರ ಬೆಳಿಗ್ಗೆ. ಮನೆಮಂದಿಯೆಲ್ಲ ಬೆಣ್ಣೆದೋಸೆ ತಿಂದು ಬಂದು ಕಾರಿನಲ್ಲಿ ಕೂತೆವು. ಕೀ ತಿರುಗಿಸಿದೆ. ಟಿಕ್‌ಟಿಕ್‌ಟಿಕ್‌ಟಿಕ್. ಎಂಜಿನ್ ಕದಲಲಿಲ್ಲ. ಹಿಂದೆ ಪಾರ್ಕಿಂಗ್ ಜಾಗಕ್ಕೆ ಕಾಯುತ್ತಿದ್ದವರದು ಹಾರ್ನ್ ಮೇಲೆ ಹಾರ್ನ್. ದಾವಣಗೆರೆಯಲ್ಲಿ ದೋಸೆ ಹೋಟೆಲ್ ಮುಂದೆ ಕಾರು ಕೆಟ್ಟರೆ ಹತ್ತು ಜನ ಮೆಕ್ಯಾನಿಕ್‌ಗಳು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ಹತ್ತೂ ಜನರದು ಒಂದೇ ಮಾತು: ‘ಬ್ಯಾಟ್ರಿ ಹೋಗೇತಿ ಬಿಡ್ರಿ.’

ಅಂಗಡಿಯವನೂ ಅದನ್ನೇ ಹೇಳಿದ. ಮೀಟರ್ ಇಟ್ಟು ನೋಡಲಿಲ್ಲ. ಐದು ಸಾವಿರದ ಹತ್ತಿರ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಕಾರು ಸ್ಟಾರ್ಟ್ ಆಯಿತು. ಮೂರು ವಾರ ಬಿಟ್ಟು ಚಿತ್ರದುರ್ಗದ ಕೋಟೆ ನೋಡಿ ಇಳಿದು ಬಂದು ಕೀ ತಿರುಗಿಸಿದರೆ ಮತ್ತೆ ಅದೇ ಟಿಕ್‌ಟಿಕ್‌ಟಿಕ್. ದೋಷ ಬ್ಯಾಟರಿಯಲ್ಲಿ ಇರಲೇ ಇಲ್ಲ. ಎಲ್ಲಿತ್ತು ಅಂತ ಮುಂದೆ ಹೇಳುತ್ತೇನೆ. ಆ ಐದು ಸಾವಿರದ ಸಿಟ್ಟಿನಲ್ಲೇ ಇದನ್ನೆಲ್ಲ ಕಲಿತದ್ದು.

ಮೊದಲು ಜಾಗ ನೋಡಿ, ಆಮೇಲೆ ಬಾನೆಟ್

ದಾವಣಗೆರೆ–ಚಿತ್ರದುರ್ಗ ನಡುವೆ ಹೆದ್ದಾರಿ 48ರಲ್ಲಿ ನಿಂತಿದ್ದೀರಾ? ಹಾಗಿದ್ದರೆ ಹಜಾರ್ಡ್ ಲೈಟ್ ಹಾಕಿ, ಎಲ್ಲರನ್ನೂ ಎಡಗಡೆಯಿಂದ ಇಳಿಸಿ, ರಸ್ತೆಯಂಚಿನ ತಗಡಿನ ತಡೆಯ ಆಚೆ ನಿಲ್ಲಿಸಿ. ಅಲ್ಲಿ ಬಾನೆಟ್ ಎತ್ತಿ ಸಾಹಸ ಮಾಡಬೇಡಿ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ರಾತ್ರಿ ಹೊತ್ತಿನಲ್ಲಿ ನಿಂತ ಕಾರು ಲಾರಿಯವರಿಗೆ ಕೊನೇ ಗಳಿಗೆಯವರೆಗೂ ಕಾಣುವುದಿಲ್ಲ.

ಮನೆ ಮುಂದೆಯೋ ಪಾರ್ಕಿಂಗ್‌ನಲ್ಲೋ ಆದರೆ ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಬ್ಯಾಟರಿಯ ಪ್ಲಸ್ಸಿಗೂ ಕಾರಿನ ತಗಡಿಗೂ ನಡುವೆ ಉಂಗುರವೋ ಸ್ಪ್ಯಾನರೋ ಸಿಕ್ಕಿಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಬೆರಳೇ ಸುಡಬಹುದು. ಬೀಡಿ, ಸಿಗರೇಟು ಹತ್ತಿರ ಬೇಡ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಪಂಚೆ, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ. ಕೀ ಆನ್ ಇದ್ದರೆ ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ.

ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಜಂಪ್, ಅಂದರೆ ಇನ್ನೊಂದು ಬ್ಯಾಟರಿಯಿಂದ ವೈರ್ ಹಚ್ಚಿ ಸ್ಟಾರ್ಟ್ ಮಾಡುವುದೂ ಬೇಡ. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ವೈರ್ ಯಾವುದನ್ನೂ ಮುಟ್ಟಬೇಡಿ.

ಆ ಟಿಕ್ ಬರುವುದು ಎಲ್ಲಿಂದ?

ಕೀ ತಿರುಗಿಸಿದಾಗ ನೀವು ಓಡಿಸಲು ಹೊರಟಿರುವುದು ಸೆಲ್ಫ್ ಮೋಟಾರನ್ನು, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಮೋಟಾರನ್ನು. ಅದರ ಬೆನ್ನ ಮೇಲೆ ಸೊಲೆನಾಯ್ಡ್ ಅಂತ ಒಂದು ಸಣ್ಣ ಕೊಳವೆ ಕೂತಿರುತ್ತದೆ. ಅದರೊಳಗಿನ ಕಬ್ಬಿಣದ ಕಡ್ಡಿ ಕರೆಂಟ್ ಬಂದಾಗ ಸರಕ್ಕನೆ ಜರುಗುತ್ತದೆ. ಒಂದು ಕಡೆ ಸೆಲ್ಫ್‌ನ ಹಲ್ಲುಚಕ್ರವನ್ನು ಎಂಜಿನ್ ಚಕ್ರಕ್ಕೆ ತಳ್ಳುತ್ತದೆ. ಇನ್ನೊಂದು ಕಡೆ ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ಬೋಲ್ಟ್‌ಗಳಿಗೆ ಒತ್ತಿ ಮೋಟಾರಿಗೆ ದೊಡ್ಡ ಕರೆಂಟ್ ಬಿಡುತ್ತದೆ. ಆ ಜರುಗುವ ಸದ್ದೇ ಟಿಕ್.

ಅಂದರೆ ಟಿಕ್ ಕೇಳಿಸಿತು ಅಂದರೆ ಕೀ, ಕ್ಲಚ್ ಸ್ವಿಚ್ಚು, ಸಣ್ಣ ವೈರು ಎಲ್ಲ ಬಹುಮಟ್ಟಿಗೆ ಸರಿ ಇವೆ. ತೊಂದರೆ ಇರುವುದು ದೊಡ್ಡ ಕರೆಂಟಿನ ದಾರಿಯಲ್ಲಿ. ಸೆಲ್ಫ್ ಹೊಡೆಯುವಾಗ ನೂರು ಆಂಪಿಯರ್ ದಾಟುತ್ತದೆ, ಡೀಸೆಲ್ ಕಾರಿಗೆ ಇನ್ನೂ ಜಾಸ್ತಿ. 55 ವ್ಯಾಟ್‌ನ ಎರಡು ಹೆಡ್‌ಲೈಟ್ ಸೇರಿ ಎಳೆಯುವುದು ಸುಮಾರು 9 ಆಂಪಿಯರ್ ಅಷ್ಟೇ. ‘ಲೈಟ್ ಚೆನ್ನಾಗಿ ಉರೀತಿದೆ, ಬ್ಯಾಟರಿ ಸರಿ ಇದೆ’ ಅನ್ನುವ ಮಾತು ಅದಕ್ಕೇ ಪೂರ್ತಿ ನಿಜವಲ್ಲ.

ಈಗ ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ. ಕಾರಿನ ಒಳಗಿನ ಲೈಟ್ ಹಾಕಿ, ಅದನ್ನು ನೋಡುತ್ತಾ ಕೀ ತಿರುಗಿಸಿ. ಸದ್ದನ್ನೂ ಕೇಳಿ, ಲೈಟನ್ನೂ ನೋಡಿ. ಈ ಎರಡನ್ನು ಜೋಡಿಸಿಕೊಂಡು ಕೆಳಗೆ ಓದಿ.

ವೇಗವಾಗಿ ಟಿಕ್‌ಟಿಕ್‌ಟಿಕ್, ಲೈಟ್ ಮಂಕಾಗುತ್ತದೆ

ಇದು ಎಲ್ಲರಿಗೂ ಬರುವ ತೊಂದರೆ. ಸೊಲೆನಾಯ್ಡ್ ಎಳೆಯುತ್ತದೆ, ಮೋಟಾರ್ ಕರೆಂಟ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ. ಬಿಟ್ಟ ತಕ್ಷಣ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ. ಒಂದೋ ಬ್ಯಾಟರಿ ಡೌನ್ ಆಗಿದೆ, ಇಲ್ಲ ಟರ್ಮಿನಲ್ (ಬ್ಯಾಟರಿಯ ಗೂಟಕ್ಕೆ ವೈರ್ ಕಚ್ಚಿಸುವ ಹಿಡಿಕೆ) ಸರಿಯಾಗಿ ಕಚ್ಚಿಕೊಂಡಿಲ್ಲ.

ಟರ್ಮಿನಲ್‌ನಿಂದ ಶುರು ಮಾಡಿ. ಕೀ ಆಫ್ ಮಾಡಿ, ಪ್ಲಸ್ ಮತ್ತು ಮೈನಸ್ ಎರಡೂ ಹಿಡಿಕೆಗಳನ್ನು ಒಂದಾದ ಮೇಲೊಂದು ಕೈಯಲ್ಲಿ ತಿರುಚಿ ನೋಡಿ. ಒಂದೇ ಕೈಯ ಬಲಕ್ಕೆ ಅಲುಗಾಡಿತು ಅಂದರೆ ಕಳ್ಳ ಸಿಕ್ಕ ಹಾಗೆ. ತುಂಬಾ ಕಾರುಗಳಲ್ಲಿ 10ನೇ ನಂಬರ್ ಸ್ಪ್ಯಾನರ್ ಸಾಕು, ಬಿಗಿ ಮಾಡಿ. ಬಿಳಿ ಅಥವಾ ಹಸಿರು-ನೀಲಿ ಪುಡಿ ಬೆಳೆದಿದ್ದರೆ ತೊಳೆಯಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನೊರೆ ಬರುತ್ತದೆ, ಬರಲಿ. ಆ ನೀರು ಬ್ಯಾಟರಿಯ ಮುಚ್ಚಳಗಳ ಒಳಗೆ ಇಳಿಯಬಾರದು. ಒಣಗಿಸಿ, ಸೀಸದ ಗೂಟವನ್ನೂ ಹಿಡಿಕೆಯ ಒಳಗೋಡೆಯನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಹಾಕಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಆ ಪುಡಿ ಕಣ್ಣಿಗೆ ಹಾರಿದರೆ ಉಜ್ಜಬೇಡಿ. ಹದಿನೈದು ನಿಮಿಷ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಹೋಗಿ.

ಟರ್ಮಿನಲ್ ಸರಿ ಇದ್ದರೆ ಮೀಟರ್ ಹಚ್ಚಿ. ನಾನು ಕೊಂಡ ಮಲ್ಟಿಮೀಟರ್‌ಗೆ 350 ರೂಪಾಯಿ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಮುಟ್ಟುವ ಮುಂಚೆ ನೋಡಿದರೆ 12.6 ವೋಲ್ಟ್ ಅಂದರೆ ಹೊಟ್ಟೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿ. ಆಮೇಲೆ ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ದಮ್ಮಿಲ್ಲ. ಮೊದಲು ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ. ತುಂಬಿದ ಮೇಲೂ ಬೀಳುತ್ತದೆ ಅಂದರೆ ಆಗ ಬದಲಿಸುವ ಮಾತು.

ಖಾಲಿ ಆದದ್ದು ಯಾಕೆ ಅಂತಲೂ ಯೋಚಿಸಿ. ಒಳಗಿನ ಅಥವಾ ಡಿಕ್ಕಿಯ 5 ವ್ಯಾಟ್ ಬಲ್ಬು 0.4 ಆಂಪಿಯರ್ ಎಳೆಯುತ್ತದೆ. ಒಂದು ರಾತ್ರಿಗೆ ಏನೂ ಆಗುವುದಿಲ್ಲ. ಶುಕ್ರವಾರ ರಾತ್ರಿ ಡಿಕ್ಕಿ ಸರಿಯಾಗಿ ಮುಚ್ಚದೆ ಊರಿಗೆ ಹೋಗಿ ಸೋಮವಾರ ಬಂದಿರಿ ಅಂದುಕೊಳ್ಳಿ, 60 ಗಂಟೆ. 24 ಆಂಪಿಯರ್-ಅವರ್ ಸೋರಿತು. ಸಣ್ಣ ಕಾರಿನ ಬ್ಯಾಟರಿ ಇರುವುದೇ 35. ಮಕ್ಕಳನ್ನು ಸ್ಕೂಲಿಗೆ ಬಿಡಲು ಮಾತ್ರ ಕಾರು ತೆಗೆಯುವವರದು ಇನ್ನೊಂದು ಕಥೆ. ಎರಡು ಕಿಲೋಮೀಟರ್ ಓಡಿದರೆ ಸೆಲ್ಫ್ ತಿಂದದ್ದೂ ವಾಪಸ್ ತುಂಬುವುದು ಕಷ್ಟ, ಅದರ ಮೇಲೆ ಎ.ಸಿ. ಬೇರೆ. ಇನ್ನು ವಯಸ್ಸು. ನಮ್ಮ ಕಡೆಯ ಬಿಸಿಲಿಗೆ ನಾಲ್ಕು ವರ್ಷ ದಾಟಿದ ಬ್ಯಾಟರಿ ಬೋನಸ್ ಅಂತಲೇ ತಿಳಿಯಿರಿ. ಜನ ಚಳಿಯನ್ನು ಬೈಯುತ್ತಾರೆ, ಒಳಗಿನ ತಗಡುಗಳನ್ನು ಸವೆಸುವುದು ಏಪ್ರಿಲ್–ಮೇ ತಿಂಗಳ ಕಾವು.

ಜಂಪ್ ಕೊಡುವಾಗ

ಕೆಂಪು ವೈರು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ವೈರು ಒಳ್ಳೆ ಬ್ಯಾಟರಿಯ ಮೈನಸ್ಸಿಗೆ, ಕೊನೇ ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ದಪ್ಪ ಕಬ್ಬಿಣಕ್ಕೆ. ಬ್ಯಾಟರಿಯ ಮೈನಸ್ಸಿಗಲ್ಲ. ಕೊನೇ ತುದಿಯಲ್ಲಿ ಕಿಡಿ ಹಾರುತ್ತದೆ, ಅದು ಬ್ಯಾಟರಿಯಿಂದ ದೂರ ಹಾರಲಿ ಅಂತ. ಒಳ್ಳೆ ಕಾರನ್ನು ಐದು ನಿಮಿಷ ಓಡಲು ಬಿಟ್ಟು ಆಮೇಲೆ ಕೀ ತಿರುಗಿಸಿ. ಬಿಚ್ಚುವಾಗ ಹಾಕಿದ್ದಕ್ಕೆ ಉಲ್ಟಾ.

ಒಂದು ಮಾತು ಜೋರಾಗಿಯೇ ಹೇಳಬೇಕು. ಹೆದ್ದಾರಿಯಲ್ಲಿ ನಿಂತರೆ ಸಹಾಯಕ್ಕೆ ಬರುವವರು ಲಾರಿಯವರು. ಒಳ್ಳೆ ಮನಸ್ಸಿನವರು, ಆದರೆ ದೊಡ್ಡ ಲಾರಿ, ಬಸ್ಸುಗಳದು 24 ವೋಲ್ಟ್. ಕಾರಿನದು 12. ಅದರಿಂದ ಜಂಪ್ ತೆಗೆದುಕೊಂಡರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟು ಹೋಗಬಹುದು. ಟೀ ಕುಡಿಸಿ ಕಳಿಸಿ, ವೈರ್ ಮಾತ್ರ ಹಚ್ಚಿಸಬೇಡಿ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುವಲ್ ಗೇರ್‌ಗೆ ಮಾತ್ರ: ಕೀ ಆನ್, ಎರಡನೇ ಗೇರ್, ವೇಗ ಬಂದಾಗ ಕ್ಲಚ್ ಬಿಡಿ. ಎಂಜಿನ್ ಓಡುವವರೆಗೆ ಬ್ರೇಕು, ಸ್ಟಿಯರಿಂಗ್ ಎರಡೂ ಬಿಗಿ ಇರುತ್ತವೆ, ಇಳಿಜಾರಿನಲ್ಲಿ ಈ ಆಟ ಬೇಡ. ಡ್ಯಾಶ್‌ಬೋರ್ಡ್ ದೀಪವೂ ಹತ್ತದಷ್ಟು ಬ್ಯಾಟರಿ ಸತ್ತಿದ್ದರೆ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಇಂಧನ ಪಂಪಿಗೇ ಕರೆಂಟ್ ಇರುವುದಿಲ್ಲ.

ಜಂಪ್‌ಗೆ ಸ್ಟಾರ್ಟ್ ಆಗುತ್ತದೆ, ಮಾರನೇ ದಿನ ಮತ್ತೆ ಟಿಕ್‌ಟಿಕ್

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.5ರ ಒಳಗೆ ಬಂದರೆ ಡೈನಮೋ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್) ಚಾರ್ಜ್ ಮಾಡುತ್ತಿದೆ. 12.3 ಇದ್ದು ಇಳಿಯುತ್ತಲೇ ಹೋದರೆ ಡೈನಮೋ ಅಥವಾ ಅದರ ಬೆಲ್ಟು. ಆಗ ಹೊಸ ಬ್ಯಾಟರಿ ಹಾಕಿದರೂ ಅದು ಎರಡು ದಿನದಲ್ಲಿ ಮಲಗುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಳಿಸುತ್ತದೆ. ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ, ಆಮೇಲೆ ತೀರ್ಮಾನಿಸಿ.

ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕಿತ್ತು, ‘ನೋಡಿ, ಆಫ್ ಆಗ್ಲಿಲ್ಲ, ಡೈನಮೋ ಚೆನ್ನಾಗಿದೆ’ ಅಂತ ತೋರಿಸುವ ಹಳೇ ಮೇಸ್ತ್ರಿಗಳಿದ್ದಾರೆ. ಅಂಬಾಸಡರ್ ಕಾಲಕ್ಕೆ ನಡೆಯಿತು. ಈಗಿನ ಕಾರಿನಲ್ಲಿ ವೋಲ್ಟೇಜ್ ಎಗರಿ ಕಂಪ್ಯೂಟರ್ ಹೋಗಬಹುದು. ಮಾಡಲು ಬಿಡಬೇಡಿ.

ಡೈನಮೋ ಸರಿ ಇದ್ದರೆ ಒಮ್ಮೆ ಚಿತ್ರದುರ್ಗಕ್ಕೆ ಹೋಗಿ ಬರುವಷ್ಟು ಓಡಿಸಿ, ಅಂದರೆ ಒಂದು ಕಡೆಗೆ 60 ಕಿಲೋಮೀಟರ್ ಸುಮಾರು. ಊರೊಳಗಿನ ಪಿ.ಜೆ. ಬಡಾವಣೆಯಲ್ಲಿ ನಾಲ್ಕು ರೌಂಡ್ ಹೊಡೆದರೆ ತುಂಬುವುದಿಲ್ಲ. ಪೂರ್ತಿ ಖಾಲಿ ಆಗಿದ್ದಕ್ಕೆ ಅಂಗಡಿಯಲ್ಲಿ ರಾತ್ರಿಯೆಲ್ಲ ಚಾರ್ಜಿಗೆ ಹಾಕುವುದೇ ಮೇಲು.

ವೇಗವಾಗಿ ಟಿಕ್‌ಟಿಕ್‌ಟಿಕ್, ಆದರೆ ಒಳಗಿನ ಲೈಟ್ ಝಗಝಗ

ನನ್ನ ಕಾರಿಗೆ ಆಗಿದ್ದು ಇದೇ. ಹೋಟೆಲ್ ಮುಂದೆ ನಿಂತಿದ್ದ ಹತ್ತು ಜನರಲ್ಲಿ ಒಬ್ಬರೂ ಲೈಟ್ ಕಡೆ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಬ್ಯಾಟರಿಯ ಮೈನಸ್ಸಿನಿಂದ ಎರಡು ದಾರಿ ಹೋಗುತ್ತವೆ. ಒಂದು ಕಾರಿನ ಬಾಡಿಗೆ, ಲೈಟುಗಳಿಗೆ ಅದು ಸಾಕು. ಇನ್ನೊಂದು ಎಂಜಿನ್ ಅಥವಾ ಗೇರ್‌ಬಾಕ್ಸಿಗೆ, ಸೆಲ್ಫ್‌ನ ಕರೆಂಟ್ ಹಿಂತಿರುಗುವುದು ಅದರಲ್ಲೇ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುವುದರಿಂದ ಈ ಎರಡನೇ ಅರ್ತ್ ವೈರ್ ಹೋದರೆ ಅದಕ್ಕೆ ಸರಿಯಾದ ಬೇರೆ ದಾರಿ ಇಲ್ಲ. ಬಾಡಿ ದಾರಿ ಸರಿ ಇರುವುದರಿಂದ ಲೈಟು, ಹಾರ್ನು, ಹಾಡು ಎಲ್ಲ ಜೋರು. ಸೆಲ್ಫ್ ಮಾತ್ರ ಟಿಕ್‌ಟಿಕ್.

ಚಿತ್ರದುರ್ಗದಲ್ಲಿ ಬಂದ ಎಲೆಕ್ಟ್ರಿಷಿಯನ್ ಹುಡುಗ ಬ್ಯಾಟರಿ ಕಡೆ ಕೈಯನ್ನೇ ಹಾಕಲಿಲ್ಲ. ಒಳಗಿನ ಲೈಟ್ ನೋಡಿದ. ಜಂಪ್ ಕೇಬಲ್‌ನ ಕಪ್ಪು ವೈರ್ ತೆಗೆದ. ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಎತ್ತಲು ಇರುವ ಕಬ್ಬಿಣದ ಕೊಕ್ಕೆಗೆ. ‘ಈಗ ಹೊಡೀರಿ ಸಾ’ ಅಂದ. ಅರ್ಧ ತಿರುವಿಗೇ ಸ್ಟಾರ್ಟ್ ಆಯಿತು. ‘ಬ್ಯಾಟ್ರಿ ಚೆನ್ನಾಗೈತೆ ಸಾ, ಅರ್ತ್ ಸಿಗ್ತಿಲ್ಲ.’ ಕೆಳಗೆ ಬಗ್ಗಿ ಗೇರ್‌ಬಾಕ್ಸ್ ಹತ್ತಿರದ ವೈರ್ ತೋರಿಸಿದ. ಹೆಣೆದ ತಾಮ್ರದ ಪಟ್ಟಿ, ಬೋಲ್ಟ್ ಹತ್ತಿರ ಹಸಿರುಗಟ್ಟಿ ಎಳೆಎಳೆಯಾಗಿ ಹರಿದಿತ್ತು. ನಾಲ್ಕೈದು ಎಳೆ ಮಾತ್ರ ಅಂಟಿಕೊಂಡಿದ್ದವು. ಬೆರಳಲ್ಲಿ ಒತ್ತಿದರೆ ಒಣ ಬಾಳೆನಾರಿನ ಹಾಗೆ ಮುರಿಯಿತು. ಹೊಸ ಪಟ್ಟಿಗೆ ಕೂಲಿ ಸೇರಿ 300 ರೂಪಾಯಿ. ಅಂಗಡಿಯವನು ಬ್ಯಾಟರಿ ಬದಲಿಸುವಾಗ ವೈರ್ ಅಲುಗಾಡಿ ಹೇಗೋ ಕೂತಿತ್ತು, ಮೂರು ವಾರ ನಡೆಯಿತು, ಅಷ್ಟೇ.

ಕಪ್ಪು ವೈರ್ ಪರೀಕ್ಷೆಯನ್ನು ನೀವೂ ಮಾಡಬಹುದು. ಬೆಲ್ಟು, ಫ್ಯಾನಿನಿಂದ ವೈರ್ ದೂರ ಇರಲಿ. ಪ್ಲಸ್ಸಿಗೆ ಯಾವ ಕಾರಣಕ್ಕೂ ತಾಗಬಾರದು. ಮೀಟರ್ ಇದ್ದರೆ ಇನ್ನೂ ಖಚಿತ: 20 ವೋಲ್ಟ್ ಡಿ.ಸಿ.ಗೆ ಇಟ್ಟು ಒಂದು ಕಡ್ಡಿ ಎಂಜಿನ್ ಕಬ್ಬಿಣಕ್ಕೆ, ಇನ್ನೊಂದು ಬ್ಯಾಟರಿಯ ಮೈನಸ್ ಗೂಟಕ್ಕೆ ಒತ್ತಿ, ಇನ್ನೊಬ್ಬರಿಂದ ಕೀ ತಿರುಗಿಸಿ. 0.2 ವೋಲ್ಟ್ ಆಸುಪಾಸಿನಲ್ಲಿದ್ದರೆ ಅರ್ತ್ ಸರಿ. 0.5 ದಾಟಿದರೆ ಅನುಮಾನ. ಹಲವು ವೋಲ್ಟ್ ತೋರಿಸಿದರೆ ಬೇರೆಲ್ಲೂ ಹುಡುಕಬೇಡಿ.

ಒಂದೇ ಒಂದು ‘ಟಕ್’, ಲೈಟ್ ಕದಲುವುದೇ ಇಲ್ಲ

ಸೊಲೆನಾಯ್ಡ್ ಜರುಗಿದೆ, ಆದರೆ ಮೋಟಾರಿಗೆ ಕರೆಂಟ್ ದಾಟಿಲ್ಲ. ತಾಮ್ರದ ಬಿಲ್ಲೆ ಸುಟ್ಟು ಕಪ್ಪಾಗಿರಬಹುದು, ಇಲ್ಲ ಮೋಟಾರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಜಾಸ್ತಿ ಓಡಿದ ಕಾರುಗಳಲ್ಲಿ ಇದು ಮಾಮೂಲು. ಹತ್ತು ಸಲ ಹೊಡೆದರೆ ಒಂದು ಸಲ ಹಿಡಿಯುತ್ತದೆ, ಜನ ಹಾಗೇ ತಿಂಗಳುಗಟ್ಟಲೆ ದೂಡುತ್ತಾರೆ.

ತುರ್ತಿಗೆ ಒಂದು ಉಪಾಯವಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ ಇನ್ನೊಬ್ಬರು ವ್ಹೀಲ್ ಸ್ಪ್ಯಾನರಿನ ಹಿಡಿಯಿಂದ ಸೆಲ್ಫ್‌ನ ಮೈಗೆ ಮೆಲ್ಲಗೆ ಎರಡು ತಟ್ಟು. ಅಂಟಿಕೊಂಡ ಬ್ರಷ್ ಜರುಗಿದರೆ ಸ್ಟಾರ್ಟ್ ಆಗುತ್ತದೆ. ಮೆಲ್ಲಗೆ ಅಂದರೆ ಮೆಲ್ಲಗೆ, ತುಂಬಾ ಸೆಲ್ಫ್‌ಗಳ ಒಳಗೆ ಮ್ಯಾಗ್ನೆಟ್ ಇರುತ್ತದೆ, ಜೋರಾಗಿ ಹೊಡೆದರೆ ಒಡೆಯುತ್ತದೆ. ದಪ್ಪ ವೈರಿನ ಬೋಲ್ಟ್ ಕಡೆ ಹೊಡೆಯಲೇಬೇಡಿ. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತೂರಿ ಈ ಕೆಲಸ ಮಾಡಬೇಡಿ. ಸ್ಟಾರ್ಟ್ ಆಯಿತೋ, ಆಫ್ ಮಾಡದೆ ಗ್ಯಾರೇಜಿಗೆ.

ಅಲ್ಲಿ ಕೇಳುವ ಮೊದಲ ಮಾತು ‘ಹೊಸ ಸೆಲ್ಫ್ ಹಾಕೋಣ’ ಆಗಿರುತ್ತದೆ. ಒಪ್ಪುವ ಮುಂಚೆ ಸುಮ್ನೆ ಒಮ್ಮೆ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ತೋರಿಸಿ. ಬ್ರಷ್, ಬುಷ್, ಸೊಲೆನಾಯ್ಡ್ ಬದಲಿಸಿ ಕೊಡುವವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಹೊಸದರ ಬೆಲೆಗೆ ಹೋಲಿಸಿದರೆ ಅದು ಚಿಲ್ಲರೆ.

ಸಣ್ಣ ಟಿಕ್, ಅದೂ ಫ್ಯೂಸ್ ಡಬ್ಬಿಯಿಂದ

ಇದು ರಿಲೇ (ಸಣ್ಣ ಕರೆಂಟಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚು) ಸದ್ದು, ಸೊಲೆನಾಯ್ಡ್‌ನದಲ್ಲ. ಅದೇ ನಂಬರಿನ ರಿಲೇ ಹಾರ್ನಿಗೋ ಫ್ಯಾನಿಗೋ ಇದ್ದರೆ ಅದಲು ಬದಲು ಮಾಡಿ ನೋಡಿ. ನಂಬರ್ ಬೇರೆ ಇದ್ದರೆ ಬೇಡ. ಆಗಲೂ ಇಲ್ಲ ಅಂದರೆ ಸೊಲೆನಾಯ್ಡ್‌ಗೆ ಹೋಗುವ ಸಣ್ಣ ವೈರ್ ಕಡಿದಿರಬಹುದು. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಮಲಗುವ ಇಲಿಗಳಿಗೆ ಆ ವೈರೇ ಉಪಾಹಾರ. ಏನೂ ಸದ್ದೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೋಮ್ಯಾಟಿಕ್ ಗೇರ್ ‘ಪಿ’ಯಲ್ಲಿದೆಯಾ ಅಂತ ನೋಡಿ. ಬಟನ್ ಸ್ಟಾರ್ಟ್ ಕಾರಾದರೆ ಕೀಯನ್ನು ಬಟನ್‌ಗೆ ತಾಗಿಸಿ ಒತ್ತಿ. ತುಂಬಾ ಸಲ ಸತ್ತಿರುವುದು ಕೀಯೊಳಗಿನ ಬಿಲ್ಲೆ ಬ್ಯಾಟರಿ.

‘ಧಡ್’ ಅಂತ ಒಂದೇ ಪೆಟ್ಟು, ಲೈಟ್ ಪೂರ್ತಿ ಕುಸಿಯುತ್ತದೆ

ಬ್ಯಾಟರಿ ತುಂಬಿದ್ದೂ ಹೀಗಾದರೆ ಮೋಟಾರಿಗೆ ಕರೆಂಟ್ ಹೋಗಿದೆ, ತಿರುಗಲು ಆಗುತ್ತಿಲ್ಲ. ಸೆಲ್ಫ್ ಜಾಮ್ ಆಗಿರಬಹುದು, ಎಂಜಿನ್ನೇ ಜಾಮ್ ಆಗಿರಬಹುದು. ಹಿಂದಿನ ದಿನ ಆಯಿಲ್ ದೀಪ ಹತ್ತಿತ್ತಾ, ಎಂಜಿನ್ ಕಾದಿತ್ತಾ ನೆನಪಿಸಿಕೊಳ್ಳಿ.

ಮಳೆಯಲ್ಲಿ ರೈಲ್ವೆ ಅಂಡರ್‌ಪಾಸ್ ನೀರಿಗೆ ಇಳಿಸಿ, ಅಲ್ಲೇ ಆಫ್ ಆಗಿ, ಆಮೇಲೆ ‘ಧಡ್’ ಅಂದಿತು ಅಂದರೆ ಇನ್ನೊಂದು ಸಲವೂ ಕೀ ತಿರುಗಿಸಬೇಡಿ. ಸಿಲಿಂಡರಿಗೆ ನೀರು ಹೋಗಿದೆ. ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ. ಟೋ ಮಾಡಿಸಿ. ಸಾಮಾನ್ಯ ವಿಮೆಯಲ್ಲಿ ಈ ರಿಪೇರಿ ಬಹುಮಟ್ಟಿಗೆ ಬರುವುದಿಲ್ಲ, ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ತೆಗೆದುಕೊಂಡಿರಬೇಕು.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ

ಮೂರು ಸಲಕ್ಕಿಂತ ಹೆಚ್ಚು ಸೆಲ್ಫ್ ಹೊಡೆದು ಬ್ಯಾಟರಿ ಸುಸ್ತು ಮಾಡಬೇಡಿ. ಯಾವ ವೈರಾದರೂ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಮೈನಸ್ ಬಿಚ್ಚಿ ಕಾಯುತ್ತಾ ಕೂರಿ. ‘ಗಾಡಿ ಸ್ಟಾರ್ಟ್ ಆಗ್ತಿಲ್ಲ, ಬರ್ರಿ’ ಅಂದರೆ ಅವರು ಬರಿಗೈಯಲ್ಲಿ ಬರುತ್ತಾರೆ. ನಾನು ಈಗ ಹೀಗೆ ಹೇಳುತ್ತೇನೆ: ‘ಅಣ್ಣಾ, ಒಂದೇ ಟಕ್ ಅಂತೈತಿ, ಲೈಟ್ ಡಿಮ್ ಆಗ್ತಿಲ್ಲ, ಬ್ಯಾಟ್ರಿ 12.5 ಐತಿ, ಟರ್ಮಿನಲ್ ಟೈಟ್ ಮಾಡೀನಿ, ಕಪ್ಪು ವೈರ್ ಹಾಕಿ ನೋಡೀನಿ.’ ಆ ಕಡೆಯಿಂದ ಎರಡು ಸೆಕೆಂಡ್ ಸದ್ದಿಲ್ಲ. ಆಮೇಲೆ, ‘ಸೆಲ್ಫ್ ಬಿಚ್ಚಬೇಕಾಗ್ತೇತಿ ಸರ, ಸಾಮಾನು ತಗಂಡೇ ಬರ್ತೀನಿ.’